ಒರ್ತೀಜಿಯಾ ದ್ವೀಪದಲ್ಲಿ ಅತ್ತೆ, ಮಕ್ಕಳ ಜೊತೆ: ನೆರಳು ನೋಡಿಕೊಂಡು ಒಂದು ದಿನ

ಸಿಸಿಲಿಗೆ ಹೋಗುವವರಲ್ಲಿ ಬಹಳ ಮಂದಿ ಸಿರಾಕೂಸ ಊರನ್ನು ಅರ್ಧ ದಿನದಲ್ಲಿ ಮುಗಿಸಿಬಿಡುತ್ತಾರೆ. ಬೆಳಿಗ್ಗೆ ಕತಾನಿಯಾದಿಂದ ಬಸ್ಸು, ಗ್ರೀಕರ ಕಾಲದ ರಂಗಮಂದಿರ, ಮಧ್ಯಾಹ್ನ ಹಳೇ ಊರಿನಲ್ಲಿ ಒಂದು ಸುತ್ತು, ಸಂಜೆ ವಾಪಸ್. ನಮಗೆ ಅದು ಆಗುವ ಮಾತಾಗಿರಲಿಲ್ಲ. ಹಾಸನದಿಂದ ಬೇಸಿಗೆಗೆಂದು ನಮ್ಮಲ್ಲಿಗೆ ಬಂದಿದ್ದ ಅತ್ತೆಗೆ ಮಂಡಿನೋವು. ಮಗನಿಗೆ ಆರು ವರ್ಷ, ಅರ್ಧ ಗಂಟೆ ನಡೆದರೆ ಎತ್ತಿಕೋ ಎನ್ನುವ ವಯಸ್ಸು. ಮಗಳಿಗೆ ಹನ್ನೊಂದು, ಎಲ್ಲದಕ್ಕೂ ಯಾಕೆ ಎಂದು ಕೇಳುವ ವಯಸ್ಸು. ನಾವಿರುವ ಮ್ಯೂನಿಕ್‌ನಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್ ನಡುವಿಗೆ. ಹಾಗಾಗಿ ಸೆಪ್ಟೆಂಬರ್ ಮೊದಲ ವಾರ ಸಿಕ್ಕಿತು. ಆಗಲೂ ಅಲ್ಲಿ ಮಧ್ಯಾಹ್ನದ ಬಿಸಿಲು ತಲೆ ಸುಡುತ್ತದೆ.

ಅದಕ್ಕೇ ಒಂದು ತೀರ್ಮಾನ ಮಾಡಿಕೊಂಡೆವು. ದಿನವಿಡೀ ಒರ್ತೀಜಿಯಾದಲ್ಲೇ ಇರುವುದು, ಸೇತುವೆ ದಾಟಿ ಆಚೆ ಹೋಗುವುದು ಬೇಡ. ಒರ್ತೀಜಿಯಾ ಎಂದರೆ ಸಿರಾಕೂಸದ ಹಳೇ ಊರು. ಭೂಮಿಗೆ ಸೇತುವೆಗಳಿಂದ ಸೇರಿದ ಪುಟ್ಟ ದ್ವೀಪ, ಉದ್ದ ಒಂದು ಕಿಲೋಮೀಟರಿನ ಆಸುಪಾಸು. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಕೊರಿಂಥ್‌ನಿಂದ ಬಂದ ಗ್ರೀಕರು ಇಲ್ಲಿ ನೆಲೆಸಿದ ಮೇಲೆ ಆಚೆ ದಡದಲ್ಲೂ ಊರು ಬೆಳೆಯಿತು. ಕಾರು ಬಾಡಿಗೆಗೆ ತೆಗೆದುಕೊಳ್ಳಲಿಲ್ಲ. ದ್ವೀಪದ ಒಳಗೆ ಹೊರಗಿನವರ ವಾಹನಕ್ಕೆ ನಿರ್ಬಂಧವಿದೆ, ಕ್ಯಾಮೆರಾ ಫೋಟೋ ಹಿಡಿದರೆ ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಕಾರಿನಲ್ಲೇ ಬರುವವರು ದ್ವೀಪದ ಅಂಚಿನಲ್ಲಿರುವ ತಲೇತೆ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯುವುದು ಒಳ್ಳೆಯದು. ನಾವು ದ್ವೀಪದಲ್ಲೇ ಅಡುಗೆಮನೆ ಇರುವ ಒಂದು ಚಿಕ್ಕ ಮನೆ ಹಿಡಿದೆವು. ಅಡುಗೆಮನೆ ಯಾಕೆ ಮುಖ್ಯ ಎನ್ನುವುದು ಮುಂದೆ ಬರುತ್ತದೆ.

ದಿನವನ್ನು ಹೊಂದಿಸಿದ್ದು ನೋಡುವ ಜಾಗಗಳ ಪಟ್ಟಿ ಹಿಡಿದಲ್ಲ, ನೆರಳು ಹಿಡಿದು. ದ್ವೀಪ ಉತ್ತರ ದಕ್ಷಿಣ ಉದ್ದಕ್ಕಿದೆ. ಒಂದು ದಡ ಪೂರ್ವಕ್ಕೆ ತೆರೆದ ಸಮುದ್ರ ನೋಡುತ್ತದೆ, ಇನ್ನೊಂದು ಪಶ್ಚಿಮಕ್ಕೆ ದೊಡ್ಡ ಬಂದರನ್ನು. ಪೂರ್ವದ ದಡಕ್ಕೆ ಮಧ್ಯಾಹ್ನದ ಮೇಲೆ ಮನೆಗಳ ನೆರಳು ಬೀಳತೊಡಗುತ್ತದೆ. ಪಶ್ಚಿಮದ ದಡದ ಚೆಂದವೆಲ್ಲ ಸೂರ್ಯ ಮುಳುಗುವ ಹೊತ್ತಿನದು. ಊರಿನ ಮುಖ್ಯ ಚರ್ಚಾದ ಕಥೆದ್ರಾಲಿನ ಮುಂಭಾಗ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆ ಅದರ ಮುಂದಿನ ಚೌಕದಲ್ಲಿ ಒಂದಿಷ್ಟು ನೆರಳು ಸಿಗುತ್ತದೆ. ಹನ್ನೆರಡಾದರೆ ಆ ಬಿಳಿ ಕಲ್ಲಿನ ನೆಲ ಕಣ್ಣು ಬಿಡಲು ಕೊಡುವುದಿಲ್ಲ. ಇಷ್ಟು ತಿಳಿದುಕೊಂಡರೆ ವೇಳಾಪಟ್ಟಿ ತಾನೇ ಸಿದ್ಧವಾಗುತ್ತದೆ: ಬೆಳಿಗ್ಗೆ ಮಾರುಕಟ್ಟೆ ಮತ್ತು ಕಥೆದ್ರಾಲು, ಮಧ್ಯಾಹ್ನ ನಿದ್ದೆ, ನಾಲ್ಕರ ಮೇಲೆ ಪೂರ್ವದ ಕಡಲು, ಮುಸ್ಸಂಜೆಗೆ ಪಶ್ಚಿಮದ ಕಟ್ಟೆ.

ಮಾರುಕಟ್ಟೆ ಅಪೋಲೋ ದೇವಾಲಯದ ಅವಶೇಷದ ಪಕ್ಕದ ಬೀದಿಯಲ್ಲಿ ಸೇರುತ್ತದೆ. ಭಾನುವಾರ ಇರುವುದಿಲ್ಲ, ಮಿಕ್ಕ ದಿನ ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡುತ್ತಾರೆ. ಮೀನಿನ ಅಂಗಡಿಗಳ ಮುಂದೆ ಅತ್ತೆ ಸೆರಗು ಮೂಗಿಗೆ ಹಿಡಿದು ಬೇಗ ಬೇಗ ದಾಟಿದರು. ಮಗ ಮಾತ್ರ ಕತ್ತಿಮೀನಿನ ತಲೆಯ ಮುಂದೆ ಬೇರು ಬಿಟ್ಟು ನಿಂತ. ತರಕಾರಿಯ ಸಾಲು ಬಂದ ಮೇಲೆ ಅತ್ತೆಯ ನಡಿಗೆ ನಿಧಾನವಾಯಿತು. ಬಿಸಿಲಲ್ಲಿ ಒಣಗಿಸಿದ ಟೊಮೆಟೊ, ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಮೊಗ್ಗು, ತಲೆಗಾತ್ರದ ನೇರಳೆ ಬದನೆ. ಪಕ್ಕದಲ್ಲಿ ಮಗನಿಗಿಂತ ಉದ್ದವಾದ, ತೆಳು ಹಸಿರು ಬಣ್ಣದ, ಹಾವಿನ ಹಾಗೆ ಬಳುಕಿದ ಕಾಯಿ.

"ಇದು ಸೋರೆಕಾಯಿ ಕಣೇ!" ಎಂದರು ಅತ್ತೆ.

"ಇಟಲಿಯಲ್ಲಿ ಸೋರೆಕಾಯಿ ಎಲ್ಲಿಂದ ಬರ್ಬೇಕು ಅತ್ತೆ?" ಎಂದೆ. ಅವರು ಉಗುರಿನಿಂದ ಸಿಪ್ಪೆ ಒತ್ತಿ ನೋಡಿ, ಎಳೆಯದೇ ಎಂದು ಖಾತ್ರಿ ಮಾಡಿಕೊಂಡರು. ಸಿಸಿಲಿಯವರು ಇದಕ್ಕೆ ಕುಕುತ್ಸಾ ಎನ್ನುತ್ತಾರೆ, ಸೋರೆಯದೇ ಒಂದು ಉದ್ದನೆಯ ತಳಿ. ಅದರ ಕುಡಿ, ಎಲೆಗಳನ್ನು ಬೇರೆ ಕಟ್ಟು ಕಟ್ಟಿ ತೆನೆರೂಮಿ ಎಂದು ಮಾರುತ್ತಾರೆ. ಅದನ್ನು ಪಾಸ್ತಾ ಚೂರುಗಳ ಜೊತೆ ಬೇಯಿಸಿ ಸಾರಿನಂತೆ ಕುಡಿಯುತ್ತಾರಂತೆ. ಅಂಗಡಿಯವನು ಅರ್ಧ ಕಾಯಿ ಕತ್ತರಿಸಿ ಕೊಟ್ಟ, ತುಳಸಿ ಜಾತಿಯ ಬೇಸಿಲ್ ಸೊಪ್ಪು ಒಂದು ಹಿಡಿ ಸುಮ್ಮನೆ ಮೇಲೆ ಹಾಕಿದ. ಮಧ್ಯಾಹ್ನದ ಊಟ ಅಲ್ಲಿಗೆ ನಿಶ್ಚಯವಾಯಿತು.

ಅಪೋಲೋ ದೇವಾಲಯ ದಾರಿಯಲ್ಲೇ ಇದೆ. ಕ್ರಿಸ್ತಪೂರ್ವ 6ನೇ ಶತಮಾನದ್ದು, ಸಿಸಿಲಿಯಲ್ಲಿ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಡೋರಿಕ್ ಎಂಬ ಗ್ರೀಕ್ ಶೈಲಿಯ ದೇವಾಲಯಗಳಲ್ಲಿ ಒಂದು. ಆಮೇಲೆ ಚರ್ಚಾಯಿತು, ಮಸೀದಿಯಾಯಿತು, ಮತ್ತೆ ಚರ್ಚಾಯಿತು, ಸ್ಪೇನಿನವರ ಕಾಲದಲ್ಲಿ ಸೈನಿಕರ ಬಿಡಾರವೂ ಆಯಿತು. ಈಗ ಉಳಿದಿರುವುದು ಕೆಲವು ಕಂಬ, ಒಂದು ಗೋಡೆ. ಬೇಲಿಯ ಆಚೆಯಿಂದಲೇ ಎಲ್ಲ ಕಾಣುತ್ತದೆ, ಐದು ನಿಮಿಷ ಸಾಕು.

ಹೊತ್ತು ಕೊಡಬೇಕಾದ್ದು ಕಥೆದ್ರಾಲಿಗೆ. ಮುಂದಿನ ಚೌಕಕ್ಕೆ ನೇರವಾಗಿ ಹೋಗದೆ ಮೊದಲು ಪಕ್ಕದ ವಿಯಾ ಮಿನೆರ್ವಾ ಬೀದಿಗೆ ಕರೆದುಕೊಂಡು ಹೋಗಿ ಎನ್ನುತ್ತೇನೆ. ಅಲ್ಲಿ ಚರ್ಚಿನ ಗೋಡೆಯಲ್ಲಿ ದಪ್ಪ ದಪ್ಪ ಕಂಬಗಳು ಅರ್ಧ ಹೂತುಕೊಂಡಂತೆ ನಿಂತಿವೆ. ಅವು ಚರ್ಚಿನವಲ್ಲ, ಅಥೇನಾ ದೇವಿಯ ಗುಡಿಯವು. ಕ್ರಿಸ್ತಪೂರ್ವ 480ರಲ್ಲಿ ಹಿಮೆರಾ ಎಂಬಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನವರನ್ನು ಸೋಲಿಸಿದ ಮೇಲೆ ಇಲ್ಲಿನ ಅರಸ ಗೆಲೋನ್ ಕಟ್ಟಿಸಿದ್ದು. ಮುಂದೆ ಆರು ಕಂಬ, ಪಕ್ಕಕ್ಕೆ ಹದಿನಾಲ್ಕು. 7ನೇ ಶತಮಾನದಲ್ಲಿ ಅದನ್ನು ಕೆಡವದೆ, ಕಂಬ ಕಂಬಗಳ ನಡುವೆ ಗೋಡೆ ತುಂಬಿ ಚರ್ಚು ಮಾಡಿಕೊಂಡರು. 878ರಲ್ಲಿ ಅರಬರು ಊರು ಗೆದ್ದ ಮೇಲೆ ಅದೇ ಮಸೀದಿ. 1080ರ ದಶಕದಲ್ಲಿ ನಾರ್ಮನ್ನರು ಬಂದ ಮೇಲೆ ಮತ್ತೆ ಚರ್ಚು. 1693ರ ಭೂಕಂಪದಲ್ಲಿ ಮುಂಭಾಗ ಬಿದ್ದುಹೋಗಿ, ಈಗ ಕಾಣುವ, ಅಲಂಕಾರ ತುಂಬಿದ ಬರೋಕ್ ಶೈಲಿಯ ಮುಖವನ್ನು 18ನೇ ಶತಮಾನದಲ್ಲಿ ಆಂದ್ರೆಯಾ ಪಾಲ್ಮಾ ವಿನ್ಯಾಸದಂತೆ ಕಟ್ಟಿದರು. ಕಂಬಗಳು ಮಾತ್ರ ನಿಂತಲ್ಲೇ ನಿಂತಿವೆ. ಒಂದೆರಡು ನೆಟ್ಟಗಿಲ್ಲ, ನೆಲ ನಡುಗಿದ್ದರ ಗುರುತು.

ಮಗಳಿಗೆ ಒಂದು ಕೆಲಸ ಕೊಟ್ಟೆವು. ಡೋರಿಕ್ ಕಂಬಕ್ಕೆ ಸುತ್ತಲೂ ಸಾಮಾನ್ಯವಾಗಿ ಇಪ್ಪತ್ತು ಉದ್ದನೆಯ ತೋಡುಗೆರೆ ಕೊರೆದಿರುತ್ತಾರೆ. ಹೊರಗೆ ಎಷ್ಟು ಕಾಣುತ್ತವೆ ಎಣಿಸು, ಗೋಡೆಯೊಳಗೆ ಎಷ್ಟು ಅಡಗಿವೆ ಲೆಕ್ಕ ಹಾಕು. ಕಂಬದಿಂದ ಕಂಬಕ್ಕೆ ಉತ್ತರ ಬೇರೆ ಬರುತ್ತಿತ್ತು. ಕೆಲವು ಕಡೆ ಕಲ್ಲು ಸವೆದು ಗೆರೆಯೇ ಮಾಯ. ಅವಳು ಬೆರಳನ್ನು ಒಂದು ಗೆರೆಯಲ್ಲಿ ಇಟ್ಟು ಕೈಗೆಟಕುವಷ್ಟು ಎತ್ತರಕ್ಕೆ ಎಳೆದುಕೊಂಡು ಹೋದಳು. ಬೆರಳ ತುದಿಗೆ ಬಿಳಿ ಪುಡಿ ಅಂಟಿತ್ತು. ಮಕ್ಕಳಿಗೆ ಇಸವಿಗಳ ಪಾಠ ಮಾಡುವುದಕ್ಕಿಂತ ಹೀಗೆ ಎಣಿಸಲು, ಮುಟ್ಟಲು ಒಂದು ನೆಪ ಕೊಟ್ಟರೆ ತಾವೇ ನಿಲ್ಲುತ್ತಾರೆ.

ಒಳಗೆ ಹೋಗಲು ಸಣ್ಣ ಟಿಕೆಟ್ಟಿದೆ. ಭುಜ ಮುಚ್ಚುವ ಬಟ್ಟೆ ಇರಲಿ. ಒಳಗೆ ಅರ್ಥವಾಗುವುದು ಇದು: ಗುಡಿಯ ಗರ್ಭಗೃಹದ ಗೋಡೆಗಳಲ್ಲಿ ಕಮಾನು ಕೊರೆದು ಅದನ್ನೇ ಚರ್ಚಿನ ನಡುಭಾಗ ಮಾಡಿದ್ದಾರೆ. ಗರ್ಭಗೃಹಕ್ಕೂ ಹೊರಗಿನ ಕಂಬಸಾಲಿಗೂ ನಡುವಿದ್ದ ಓಣಿ ಈಗ ಚರ್ಚಿನ ಪಕ್ಕದ ಸಾಲು. ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಚಪ್ಪಲಿ ಸದ್ದಾಗದಂತೆ ಬಲಗಡೆಯ ಓಣಿಯಲ್ಲಿ ಹೊರಟೇಬಿಟ್ಟಿದ್ದರು. ಹೋಗಿ ಬಂದು ಕೇಳಿದ್ದು, "ಬಾಗಿಲು ಯಾಕಮ್ಮ ಪಡುವಲಕ್ಕೆ?" ಒಳ್ಳೆಯ ಪ್ರಶ್ನೆ. ಗ್ರೀಕರ ಗುಡಿಗೆ ಬಾಗಿಲು ಪೂರ್ವಕ್ಕೇ ಇತ್ತು. ದಂತ, ಬಂಗಾರದ ಆ ಬಾಗಿಲನ್ನು ರೋಮಿನ ಅಧಿಕಾರಿ ವೆರೆಸ್ ದೋಚಿದ ಎಂದು ರೋಮಿನ ವಕೀಲ ಸಿಸೆರೋ ಕ್ರಿಸ್ತಪೂರ್ವ 70ರಲ್ಲಿ ಅವನ ಮೇಲೆ ಹೂಡಿದ ಮೊಕದ್ದಮೆಯ ಭಾಷಣದಲ್ಲಿ ವರ್ಣಿಸಿದ್ದಾನೆ. ಚರ್ಚು ಮಾಡಿದವರು ದಿಕ್ಕು ತಿರುಗಿಸಿದರು. ಹಾಗಾಗಿ ನಾವು ಒಳಬಂದದ್ದು ಗುಡಿಯ ಹಿಂಬದಿಯಿಂದ.

ಬಲಗಡೆಯ ಒಂದು ಕೋಣೆ ಊರದೇವತೆಯಂತಿರುವ ಸಂತ ಲೂಚಿಯಾಳದು. ಅವಳ ಬೆಳ್ಳಿ ಮೂರ್ತಿ ಬಾಗಿಲು ಮುಚ್ಚಿ ಒಳಗಿರುತ್ತದೆ. ಡಿಸೆಂಬರ್ 13ರ ಹಬ್ಬಕ್ಕೆ, ಮತ್ತೆ ಮೇ ತಿಂಗಳಲ್ಲಿ ಹೊರಗೆ ತರುತ್ತಾರೆ. "ಓ, ನಮ್ಮ ಹಾಸನಾಂಬೆ ಥರ" ಎಂದು ಅತ್ತೆ ಮುಚ್ಚಿದ ಬಾಗಿಲಿಗೇ ಕೈ ಮುಗಿದರು. ಒಂದು ಗಂಟೆಗೂ ಮೇಲೆ ಅಲ್ಲಿದ್ದೆವು. ಒಳಗೆ ತಂಪು, ಕೂರಲು ಬೆಂಚು. ಮಂಡಿನೋವಿನವರಿಗೆ ಬೇರೇನು ಬೇಕು.

ಹನ್ನೆರಡಕ್ಕೆ ಮನೆ. ಹಾಸನದಿಂದ ಬಂದ ಹುಳಿಪುಡಿ ಪೆಟ್ಟಿಗೆಯಲ್ಲಿ ಇತ್ತು. ಸಿಸಿಲಿಯ ಸೋರೆಕಾಯಿ ಹುಳಿ, ಅನ್ನ. ತೊಗರಿಬೇಳೆ ಸಿಗಲಿಲ್ಲ, ಕೆಂಪು ಮಸೂರ್ ಬೇಳೆಯಲ್ಲೇ ಮಾಡಿದೆವು, ಯಾರೂ ತಕರಾರು ಎತ್ತಲಿಲ್ಲ. ಉಂಡು ಕಿಟಕಿಯ ಮರದ ಬಾಗಿಲು ಮುಚ್ಚಿ ಎಲ್ಲರೂ ಮಲಗಿದೆವು. ಒಂದರಿಂದ ನಾಲ್ಕರವರೆಗೆ ಊರೇ ಮಲಗಿರುತ್ತದೆ, ಅಂಗಡಿಗಳೂ ಬಹಳಷ್ಟು ಮುಚ್ಚಿರುತ್ತವೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಕಾಣುವವರು ಪ್ರವಾಸಿಗಳು ಮಾತ್ರ, ಮುಖ ಕೆಂಪಗೆ ಮಾಡಿಕೊಂಡು. ಮಕ್ಕಳು, ಹಿರಿಯರು ಇರುವ ಮನೆಯವರು ಈ ಮೂರು ಗಂಟೆಯನ್ನು ಉಳಿಸಲು ಹೋಗಬೇಡಿ. ರಾತ್ರಿ ಹತ್ತರವರೆಗೆ ನಗುನಗುತ್ತಾ ಇರುವುದು ಈ ನಿದ್ದೆಯ ಬಲದಿಂದಲೇ.

ಎದ್ದು ಜುದೆಕ್ಕಾ ಕೇರಿಯ ಓಣಿಗಳಲ್ಲಿ ಹಾದು ಪೂರ್ವದ ದಡಕ್ಕೆ ಹೋದೆವು. 1492ರಲ್ಲಿ ಸ್ಪೇನಿನ ದೊರೆಯ ಆಜ್ಞೆಯಂತೆ ಹೊರಗಟ್ಟುವವರೆಗೂ ಯಹೂದಿಗಳು ಇದ್ದ ಕೇರಿ ಇದು. ಇಲ್ಲೇ ಒಂದು ಮನೆಯ ಅಡಿಯಲ್ಲಿ, ನೆಲದಿಂದ ಹದಿನೆಂಟು ಮೀಟರಿನಷ್ಟು ಕೆಳಗೆ, ಅವರ ಮಡಿಸ್ನಾನದ ಕೊಳಗಳು ಸಿಕ್ಕಿವೆ. ಅಷ್ಟು ಮೆಟ್ಟಿಲು ಅತ್ತೆಗೆ ಆಗದು ಎಂದು ಬಿಟ್ಟೆವು. ಕಡಲಿಗೆ ಇಳಿಯಲು ಕಾಲಾ ರೊಸ್ಸಾ ಎಂಬ ಪುಟ್ಟ ದಡ ಇದೆ. ಮರಳಲ್ಲ, ಬೆಣಚುಕಲ್ಲು. ನೀರಿನಲ್ಲಿ ಹಾಕುವ ರಬ್ಬರ್ ಚಪ್ಪಲಿ ಇರಲೇಬೇಕು, ಬಂಡೆಗಳಲ್ಲಿ ಮುಳ್ಳುಮುಳ್ಳಿನ ಕಡಲ ಅರ್ಚಿನ್ ಎಂಬ ಜೀವಿಗಳು ಇರುತ್ತವೆ. ನೀರು ಬೇಗ ಆಳವಾಗುತ್ತದೆ, ಈಜು ಬರದ ಮಗುವಿಗೆ ತೋಳಪಟ್ಟಿ ಕಟ್ಟಿಯೇ ಇಳಿಸಿ. ಅತ್ತೆ ಮೇಲಿನ ಕಟ್ಟೆಯ ನೆರಳಲ್ಲಿ ಕೂತು, ಪಕ್ಕದಲ್ಲಿದ್ದ ಊರಿನ ಅಜ್ಜಿಯೊಬ್ಬರ ಜೊತೆ ಕೈಸನ್ನೆಯಲ್ಲೇ ಮೊಮ್ಮಕ್ಕಳ ಲೆಕ್ಕ ವಿನಿಮಯ ಮಾಡಿಕೊಂಡರು.

ದಕ್ಷಿಣದ ತುದಿಯಲ್ಲಿ ಮಾನಿಯಾಚೆ ಕೋಟೆ, 13ನೇ ಶತಮಾನದಲ್ಲಿ ಎರಡನೇ ಫ್ರೆಡೆರಿಕ್ ಚಕ್ರವರ್ತಿ ಕಟ್ಟಿಸಿದ್ದು. ಹೊರಗಿನಿಂದ ನೋಡಿ ಮುಂದೆ ಹೋದೆವು.

ಮುಸ್ಸಂಜೆಗೆ ಅರೆತೂಸಾ ಚಿಲುಮೆ. ಉಪ್ಪುಕಡಲಿಗೆ ಕೆಲವೇ ಹೆಜ್ಜೆ ದೂರದಲ್ಲಿ ಬುಗ್ಗೆ ಉಕ್ಕುವ ಸಿಹಿನೀರಿನ ದುಂಡು ಕೊಳ, ನಡುವೆ ಪಪೈರಸ್ ಜೊಂಡು, ಬಾತುಕೋಳಿ, ಮೀನು. ಮೇಲಿನ ಕಟಕಟೆಯಿಂದ ನೋಡಲು ಕಾಸಿಲ್ಲ. ಕಥೆ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಅರೆತೂಸಾ ಗ್ರೀಸಿನ ವನಕನ್ಯೆ, ನದಿದೇವ ಅಲ್ಫೇಯೂಸ್ ಬೆನ್ನು ಹತ್ತಿದಾಗ ಆರ್ತೆಮಿಸ್ ದೇವಿ ಅವಳನ್ನು ಚಿಲುಮೆಯಾಗಿಸಿ ಕಡಲಡಿಯಿಂದ ಇಲ್ಲಿ ಎಬ್ಬಿಸಿದಳು. ಅವನೂ ಬಿಡದೆ ಕಡಲಡಿ ಹರಿದು ಬಂದು ಸೇರಿದ. ಒಲಿಂಪಿಯಾದ ಬಳಿ ನದಿಗೆ ಬಟ್ಟಲು ಎಸೆದರೆ ಇಲ್ಲಿ ತೇಲುತ್ತದೆ ಎಂದೂ ಹಳಬರು ನಂಬಿದ್ದರು. ಮಗ ಬಹಳ ಹೊತ್ತು ಬಟ್ಟಲಿಗಾಗಿ ಕಾದ. ಮಗಳು, ಅವಳಿಗೆ ಇಷ್ಟವಿಲ್ಲ ಅಂದ ಮೇಲೂ ಅವನು ಯಾಕೆ ಬಂದ ಎಂದು ಕೇಳಿದಳು. ನನ್ನ ಗಂಡ ಮೆಲ್ಲಗೆ ಮಾತು ತಿರುಗಿಸಿ ಎದುರಿನ ಬಂದರು ತೋರಿಸಿದರು. ಕ್ರಿಸ್ತಪೂರ್ವ 413ರಲ್ಲಿ, ಈ ಊರಿನ ಮೇಲೆ ದಂಡೆತ್ತಿ ಬಂದಿದ್ದ ಅಥೆನ್ಸಿನ ನೌಕಾಪಡೆ ನಾಶವಾದದ್ದು ಈ ನೀರಿನಲ್ಲೇ. ಊರಿನವರು ಬಂದರಿನ ಬಾಯಿಗೆ ಹಡಗುಗಳನ್ನು ಸಾಲಾಗಿ ನಿಲ್ಲಿಸಿ ದಾರಿ ಮುಚ್ಚಿದ್ದರು. ಸಿಕ್ಕಿಬಿದ್ದವರನ್ನು ಕಲ್ಲುಗಣಿಗಳಿಗೆ ತಳ್ಳಿದರು, ಏಳು ಸಾವಿರಕ್ಕೆ ಕಡಿಮೆಯಿಲ್ಲ ಎನ್ನುತ್ತಾನೆ ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್.

ರಾತ್ರಿಯ ಊಟಕ್ಕೆ ಹೋಟೆಲು. ಅಡುಗೆ ಶುರುವಾಗುವುದೇ ಏಳೂವರೆಗೆ. ಸಸ್ಯಾಹಾರಿಗಳಿಗೆ ಒಂದು ಮಾತು: 'ಮಾಂಸ ಬೇಡ' ಎಂದರೆ ಸಾಲದು, 'ಸೆಂಜಾ ಪೆಶೆ, ಸೆಂಜಾ ಆಚ್ಚೂಗೆ' ಎಂದೂ ಸೇರಿಸಿ, ಮೀನೂ ಬೇಡ, ಆಂಚೊವಿಯೂ ಬೇಡ ಎಂದು. ಆಂಚೊವಿ ಸಣ್ಣ ಮೀನು, ಎಣ್ಣೆಯಲ್ಲಿ ಕರಗಿ ಕಣ್ಣಿಗೇ ಕಾಣದಂತೆ ಪಾಸ್ತಾದಲ್ಲಿ ಸೇರಿಕೊಳ್ಳುತ್ತದೆ. ಧೈರ್ಯವಾಗಿ ಹೇಳಬಹುದಾದದ್ದು ಕರಿದ ಬದನೆ, ಟೊಮೆಟೊ, ಉಪ್ಪುಚೀಸಿನ ಪಾಸ್ತಾ ಅಲ್ಲಾ ನೊರ್ಮಾ. ಬಿಲ್ಲಿನಲ್ಲಿ ತಲೆಗಿಷ್ಟು ಎಂದು ಕೊಪೆರ್ತೊ, ಅಂದರೆ ಮೇಜಿಗೆ ಕೂತದ್ದರ ಶುಲ್ಕ, ಸೇರಿರುತ್ತದೆ. ಅದು ಮೋಸವಲ್ಲ, ಅಲ್ಲಿನ ಪದ್ಧತಿ. ಆಮೇಲೆ ಬಾದಾಮಿಯ ಗ್ರಾನೀತಾ, ಅರೆಹೆಪ್ಪುಗಟ್ಟಿದ ಐಸಿನ ಸಿಹಿ. ಹತ್ತಿರದ ಆವೊಲಾ, ನೋತೊ ಕಡೆಯ ಬಾದಾಮಿಗೆ ಹೆಸರಿದೆ. ಅತ್ತೆ ಎರಡನೆಯದಕ್ಕೂ ಬೇಡ ಎನ್ನಲಿಲ್ಲ.

ಸಿರಾಕೂಸಕ್ಕೆ ಹೋಗಿ ಗ್ರೀಕ್ ರಂಗಮಂದಿರ ನೋಡಲಿಲ್ಲವಾ ಎಂದು ಕೇಳುವವರಿದ್ದಾರೆ. ಅದಿರುವ ನೆಯಾಪೊಲಿಸ್ ಉದ್ಯಾನ ಸೇತುವೆಯಾಚೆ, ಬಹುಪಾಲು ಬಯಲು ಬಿಸಿಲು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಪ್ಪ ಮಗಳು ಇಬ್ಬರೇ ಹೋಗಿ ಬಂದರು. ಬೇಸಿಗೆಯ ಶುರುವಿನಲ್ಲಿ ಅಲ್ಲಿ ಈಗಲೂ ಗ್ರೀಕ್ ನಾಟಕ ಆಡುತ್ತಾರೆ, ಆಗ ಕಲ್ಲಿನ ಆಸನಗಳ ಮೇಲೆ ಮರ ಹೊದಿಸಿರುತ್ತಾರೆ. ಸೆಪ್ಟೆಂಬರಿನಲ್ಲಿ ಕಲ್ಲು ಬರಿಯದಾಗಿತ್ತು. ಅಥೆನ್ಸಿನ ಸೆರೆಯಾಳುಗಳ ಕಥೆ ಕೇಳಿದ್ದ ಮಗಳಿಗೆ ರಂಗಮಂದಿರಕ್ಕಿಂತ ಪಕ್ಕದ ಕಲ್ಲುಗಣಿ, ಅದರೊಳಗಿನ 'ದಿಯೊನೀಸಿಯಸನ ಕಿವಿ' ಎಂಬ ಗವಿಯೇ ಹೆಚ್ಚು ಹಿಡಿಸಿತ್ತು. ಅಷ್ಟು ಹೊತ್ತಿಗೆ ನಾವು ಮೂವರು ಮಾರುಕಟ್ಟೆಯಲ್ಲಿ ಉಳಿದರ್ಧ ಸೋರೆಕಾಯಿಗೆ ಚೌಕಾಸಿ ಮಾಡುತ್ತಿದ್ದೆವು.