ಫಾರ್ಮ್ ಕಿತ್ತುಹಾಕಿ ಅಂಕಪಟ್ಟಿ ಇಟ್ಟೆ

"ಹುಡುಗರ ಕೈಗೇ ಹೆಸರು ತಿದ್ದೋಕೆ ಕೊಟ್ರೆ ಎಲ್ಲರೂ ಹೀರೋ ಹೆಸರು ಇಟ್ಕೋತಾರೆ ಕಣ್ರೀ!" ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಸಾಹೇಬರು ಹೀಗಂದು ನನ್ನ ಡೆಮೊ ಅರ್ಧಕ್ಕೇ ನಿಲ್ಲಿಸಿದ್ದರು. ಅಂಕಪಟ್ಟಿ ಅಚ್ಚಾಗುವ ಮೊದಲು ವಿದ್ಯಾರ್ಥಿಗಳೇ ತಮ್ಮ ಹೆಸರು ನೋಡಿ ತಿದ್ದುವ ವೆಬ್ ಪೇಜು ಅದು. ಅದೇ ಪೇಜು ಈಗ ಮೂರು ಸೆಮಿಸ್ಟರ್‌ನಿಂದ ಓಡುತ್ತಿದೆ. ವಿಶ್ವವಿದ್ಯಾಲಯದ ಹೆಸರು ಬೇಡ, ಬಿಲ್ ಇನ್ನೂ ಬಾಕಿ ಇದೆ.

ನನ್ನ ಮೊದಲ ಪ್ರೊಫೈಲ್ ಪೇಜಿನಲ್ಲಿ 46 ಕಾಲಂ ಇತ್ತು. ಕೆಲಸ ಹುಡುಕುವ ಸೈಟುಗಳನ್ನು ನೋಡಿ 'ನಿಮ್ಮ ಪ್ರೊಫೈಲ್ 60% ಆಗಿದೆ' ಅಂತ ಹಸಿರು ಪಟ್ಟಿ ಬೇರೆ ಹಾಕಿದ್ದೆ. ಹುಡುಗರು ಒಂದೇ ವಾರದಲ್ಲಿ 100 ಮುಟ್ಟಿಸಿದರು. ತಂದೆಯ ಉದ್ಯೋಗ 'ಎಎಎಎ', ವಿಳಾಸ ಒಂದು ಚುಕ್ಕೆ!

ಆಮೇಲೆ ಕನ್ನಡದ ಹೆಸರುಗಳ ಪಾಡು. ಹಳೇ ಡೇಟಾ ಎಲ್ಲ ನುಡಿ ಫಾಂಟಿನ ಆಸ್ಕಿಯಲ್ಲಿ, ಅಂದರೆ ಆ ಫಾಂಟ್ ಇಲ್ಲದೆ ಓದೋಕಾಗದ ಹಳೇ ಸಂಕೇತದಲ್ಲಿತ್ತು. ಒಂದು ಭಾನುವಾರ ಕೂತು ಅದನ್ನು ಈಗ ಎಲ್ಲ ಕಡೆ ಓದೋಕಾಗುವ ಯುನಿಕೋಡಿಗೆ ತಿರುಗಿಸುವ ಸ್ಕ್ರಿಪ್ಟ್ ಬರೆದೆ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಕೂತಿರುತ್ತೆ, ಯುನಿಕೋಡಿನಲ್ಲಿ ಅದನ್ನು ಅಕ್ಷರಕ್ಕಿಂತ ಮೊದಲು ತರಬೇಕು. ಗೊತ್ತಿದ್ದೂ ಮರೆತೆ. ಕೀರ್ತಿ ಹೋಗಿ 'ಕೀತಿರ್' ಆದಳು, ಹರ್ಷ 'ಹಷರ್' ಆದ. 900 ಹೆಸರಾದರೂ ಕೆಟ್ಟಿರಬೇಕು. ಇನ್ನೂರು ಚಿಲ್ಲರೆ ಮಾರ್ಕ್ಸ್ ಕಾರ್ಡ್ ಅಚ್ಚಾಗಿಯೂ ಹೋದವು. ಮರುಮುದ್ರಣಕ್ಕೆ ಅಂತ ನನ್ನ ಬಿಲ್‌ನಲ್ಲಿ 18 ಸಾವಿರ ಹಿಡಿದುಕೊಂಡರು.

ದಾರಿ ಸಿಕ್ಕಿದ್ದು ಗೇಟಿನ ಎದುರಿನ ಸೈಬರ್ ಸೆಂಟರ್‌ನಲ್ಲಿ. ಮೂರು ದಿನ ಅಲ್ಲೇ ಸುಮ್ನೆ ಕೂತಿದ್ದೆ. ಒಬ್ಬ ಬಿಕಾಂ ಹುಡುಗಿ ನನ್ನ ಪ್ರೊಫೈಲ್ ಪೇಜನ್ನು ಓದದೇ ಸರಸರ ಕೆಳಗಿಳಿಸಿ 'ದೃಢೀಕರಿಸಿ' ಒತ್ತಿದಳು. ಹತ್ತು ನಿಮಿಷಕ್ಕೆ ಹಾಲ್ ಟಿಕೆಟ್ ಪ್ರಿಂಟ್ ಬಂತು. ಹಾಳೆ ಕೈಗೆ ಬಂದ ತಕ್ಷಣ ಹೆಸರಿನ ಮೇಲೆ ಬೆರಳಿಟ್ಟಳು. "ಅಣ್ಣಾ, ಇನಿಷಿಯಲ್ ಹಿಂದೆ ಬಂದಿದೆ. ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಮುಂದಿದೆ." ಪೇಜಿನಲ್ಲೂ ಹಾಳೆಯಲ್ಲೂ ಇದ್ದಿದ್ದು ಅದೇ ಹೆಸರು ಅಲ್ವಾ?

ಆ ರಾತ್ರಿಯೇ ಫಾರ್ಮ್ ಕಿತ್ತುಹಾಕಿದೆ. ಲಾಗಿನ್ ಆದರೆ ಈಗ ಕಾಣುವುದು ಅವರದೇ ಅಂಕಪಟ್ಟಿ. ಫೋಟೊ, ಹೆಸರು, ತಾಯಿಯ ಹೆಸರು ಅಚ್ಚಾಗುವ ಜಾಗದಲ್ಲೇ ಇರುತ್ತವೆ, ಮೇಲೆ ಓರೆಯಾಗಿ ತೆಳುವಾದ 'ಮಾದರಿ'. ತಪ್ಪಿದ್ದ ಕಡೆ ಬೆರಳಿಟ್ಟರೆ ಅಲ್ಲೇ ತಿದ್ದುವ ಜಾಗ ತೆರೆಯುತ್ತೆ. ಎಸ್‌ಎಸ್‌ಎಲ್‌ಸಿ ಕಾರ್ಡಿನ ಫೋಟೊ ಹಾಕಲೇಬೇಕು, ಕಾಲೇಜಿನವರು ಒಪ್ಪಬೇಕು. ಬೇರೆ ಪ್ರಶ್ನೆಗಳು ಒಂಬತ್ತಕ್ಕೆ ಇಳಿದವು.

ನಡುವೆ ಒಂದಿಷ್ಟು ಹುಚ್ಚಾಟವೂ ನಡೆಯಿತು. ಒಟಿಪಿ ಮೆಸೇಜ್ ಕನ್ನಡದಲ್ಲೇ ಹೋಗಲಿ ಅಂತ ಹಠ ಹಿಡಿದೆ. ಇಂಗ್ಲಿಷ್ ಆದರೆ ಒಂದು ಎಸ್ಎಂಎಸ್‌ಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ನನ್ನ ಮೆಸೇಜ್ ಎರಡು ತುಂಡಾಗಿ ಹೋಗಿ ಬಿಲ್ ಡಬಲ್ ಆಯಿತು. ಕೊನೆಗೆ 'ನಿಮ್ಮ ಒಟಿಪಿ' ಅಂತ ಎರಡೇ ಪದಕ್ಕೆ ಇಳಿಸಿದೆ. 'ಸಲ್ಲಿಸು' ಬಟನ್ ಮುಂದೆ ಹುಡುಗರು ತಡವರಿಸುತ್ತಿದ್ದರು, 'ಸೇವ್ ಮಾಡಿ' ಅಂದ ಮೇಲೆ ಸಲೀಸು. ಫೋಟೊ 50 ಕೆಬಿಗೆ ಇಳಿಸೋದನ್ನೂ ಬ್ರೌಸರ್‌ನಲ್ಲೇ ಮಾಡಿಸಿದೆ. ಸೈಬರ್ ಸೆಂಟರ್‌ನವರು ಇದಕ್ಕೇ 30 ರೂಪಾಯಿ ತಗೋತಿದ್ದರು. ನನ್ನನ್ನು ಕಂಡರೆ ಈಗ ಅಷ್ಟಕ್ಕಷ್ಟೇ.

ಅಚ್ಚಾದ ಮೇಲೆ ಬರುವ ಹೆಸರು ತಿದ್ದುಪಡಿ ಅರ್ಜಿ ಮೊದಲು ಸೆಮಿಸ್ಟರ್‌ಗೆ ಸಾವಿರದ ಹತ್ತಿರ ಇತ್ತು. ಹೋದ ಸಲ 80 ದಾಟಿಲ್ಲ. ಹೀರೋ ಹೆಸರು ಹಾಕಿದವನು ಒಬ್ಬನೇ. ತೆಗೆದು ನೋಡಿದರೆ ಎಸ್‌ಎಸ್‌ಎಲ್‌ಸಿ ಕಾರ್ಡಲ್ಲೂ ಅವನ ಹೆಸರು ಅದೇ.

ವಿದ್ಯಾರ್ಥಿಗಳ ಕ್ರೆಡಿಟ್ ಲೆಕ್ಕ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ (ಎಬಿಸಿ) 12 ಅಂಕಿಯ ಐಡಿ ಜೋಡಿಸುವಾಗ ಆಧಾರ್‌ನ ಹೆಸರು, ನಮ್ಮ ಹೆಸರು ಹೊಂದದೆ ತಲೆನೋವು ಎಲ್ಲರಿಗೂ ಇದ್ದದ್ದೇ. ಹೆಚ್, ಎಚ್ ಎರಡನ್ನೂ ಒಂದೇ ಅಂತ ಹಿಡಿಯುವ ಸಣ್ಣ ಕೋಡ್ ಒಂದು ಬರೆದಿದ್ದೇನೆ. ಅದನ್ನು ಮಾತ್ರ ಇಲ್ಲಿ ಹಾಕಲ್ಲ. ಮುಂದಿನ ಟೆಂಡರ್‌ಗೆ ಬೇಕು.