ದ್ವಿತೀಯ ಪಿಯುಗೆ ಮೇಷ್ಟ್ರನ್ನು ಹುಡುಕಿದ ಕ್ರಮ: ನನ್ನ ಅನುಭವ

"ಮೇಷ್ಟ್ರಿಗೇ ಪರೀಕ್ಷೆ ಇಟ್ಟರೆ ಯಾರು ಬರ್ತಾರೆ?" ಎಂದವರೇ ಹೆಚ್ಚು. ಬಂದರು. ಮೂರು ವರ್ಷದಲ್ಲಿ ನಾಲ್ಕು ಮಕ್ಕಳಿಗೆ ಗಣಿತಕ್ಕೂ ಫಿಸಿಕ್ಸಿಗೂ ಟ್ಯೂಷನ್ ಮೇಷ್ಟ್ರನ್ನು ಹೀಗೇ ಪರೀಕ್ಷಿಸಿ ಹುಡುಕಿದ್ದೇನೆ. ಒಬ್ಬ ಮೇಷ್ಟ್ರನ್ನೂ ನಡುವೆ ಬದಲಿಸಬೇಕಾಗಲಿಲ್ಲ.

ಮೊದಲು ದುಡ್ಡು ಹೋದ ದಾರಿಗಳು. ಊರಲ್ಲಿ ಹೆಸರಾದ ಬ್ಯಾಚಿಗೆ ವರ್ಷಕ್ಕೆ ₹18,000 ಆಸುಪಾಸು, ಅರ್ಧ ಅಡ್ವಾನ್ಸ್. ನಲವತ್ತು ಮಕ್ಕಳಿಗೆ ಬರೆಸುತ್ತಾರೆ, ಬರೆದದ್ದನ್ನು ಯಾರೂ ನೋಡುವುದಿಲ್ಲ. ಎರಡು ತಿಂಗಳಿಗೆ ಬಿಡಿಸಿದರೆ ಅಡ್ವಾನ್ಸ್ ವಾಪಸಿಲ್ಲ. ಆಮೇಲೆ ಗಂಟೆಗೆ ₹350 ಕೊಟ್ಟು ಒಬ್ಬ ಇಂಜಿನಿಯರಿಂಗ್ ಹುಡುಗನನ್ನು ಇಟ್ಟದ್ದಾಯಿತು. ಲೆಕ್ಕದಲ್ಲಿ ಬಲು ಚುರುಕು, ಆದರೆ ಮೂರು ಹೆಜ್ಜೆ ನುಂಗಿ ಉತ್ತರಕ್ಕೆ ಹಾರುತ್ತಿದ್ದ. ಸರಿ ಉತ್ತರವನ್ನು ಆರಿಸಿದರೆ ಸಾಕಾಗುವ ಸಿಇಟಿಗೆ ಅದು ನಡೆದೀತು. ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಇರುವುದೇ ಹೆಜ್ಜೆಗೆ, ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅಂಕದ ಪಾಲು ಅರ್ಧ. ಹಾಗಾಗಿ ನನಗೆ ಬೇಕಾದದ್ದು ಬರವಣಿಗೆ ತಿದ್ದುವ ಕೈ.

ಹೆಸರುಗಳು ಸಿಕ್ಕಿದ್ದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಯಾರ ನೋಟ್ಸ್ ಪ್ರತಿವರ್ಷ ಓಡುತ್ತದೆ ಎಂದು ಅವರಿಗೆ ಗೊತ್ತು. ಅದರಲ್ಲಿ ಬೋರ್ಡ್ ಮೌಲ್ಯಮಾಪನಕ್ಕೆ ಹೋಗಿಬಂದವರನ್ನಷ್ಟೇ ಉಳಿಸಿಕೊಂಡೆ. ನಿವೃತ್ತರಾದರೆ ಈಗಿನ ಬ್ಲೂಪ್ರಿಂಟ್ (ಪ್ರಶ್ನೆಪತ್ರಿಕೆಯ ಅಂಕ ಹಂಚಿಕೆ) ನೋಡಿದ್ದಾರೆಯೇ ಎಂದು ಮೊದಲೇ ಕೇಳಬೇಕು. ಗಣಿತದ ಲಿಖಿತ ಪರೀಕ್ಷೆ ಈಗ 80ಕ್ಕೆ. ಇನ್ನೂ 100 ಎನ್ನುವವರನ್ನು ಅಲ್ಲಿಗೇ ಬಿಟ್ಟೆ.

ಮುಂದಿನದೇ ಮುಖ್ಯ. ಮುಗಿದ ಪಾಠಗಳಿಂದ 40 ಅಂಕದ ಪ್ರಶ್ನೆ ಹಾಕಿ, ಮಗುವಿನಿಂದ ಮನೆಯಲ್ಲೇ ಒಂದೂಕಾಲು ಗಂಟೆಯಲ್ಲಿ ಬರೆಸಿದೆ. ತಿದ್ದದೆ ಮೂರು ಜೆರಾಕ್ಸ್ ತೆಗೆಸಿ ಮೂವರು ಮೇಷ್ಟ್ರಿಗೆ ಕೊಟ್ಟೆ: "ಸರ್, ಇದನ್ನು ತಿದ್ದಿ, ಒಂದು ಗಂಟೆ ಕೂರಿಸಿ ಹೇಳಿಕೊಡಿ." ತಲಾ ₹500 ಮುಂಗಡವಾಗಿಯೇ ಕೊಟ್ಟೆ. ಪುಕ್ಕಟೆ ಡೆಮೊ ಕೇಳಿದಾಗ ಬೇಸರಪಟ್ಟವರೇ ಹಣ ಕೊಟ್ಟಾಗ ಶ್ರದ್ಧೆಯಿಂದ ತಿದ್ದಿದರು.

ತಿದ್ದಿದ ಹಾಳೆಯಲ್ಲಿ ಒಟ್ಟು ಅಂಕ ನೋಡಬೇಡಿ, ಅಂಕ ಎಲ್ಲಿ ಕಳೆದಿದ್ದಾರೆ ಅದನ್ನು ನೋಡಿ. ಮ್ಯಾಟ್ರಿಕ್ಸ್ ವಿಧಾನದಲ್ಲಿ ಡಿಟರ್ಮಿನೆಂಟ್ ಸೊನ್ನೆಯಲ್ಲ ಎಂದು ಬರೆಯದೆ ಮುಂದೆ ಹೋದದ್ದು, ಕೋಫ್ಯಾಕ್ಟರಿನ ಚಿಹ್ನೆ ತಪ್ಪಿದ್ದು, ಸಬ್‌ಸ್ಟಿಟ್ಯೂಷನ್ ಮಾಡಿ ಲಿಮಿಟ್ ಬದಲಿಸದೇ ಇದ್ದದ್ದು ಹಿಡಿದಿದ್ದಾರೆಯೇ? ಫಿಸಿಕ್ಸಿನಲ್ಲಿ ಕಿರಣಚಿತ್ರಕ್ಕೆ ಬಾಣವಿಲ್ಲ, ಉತ್ತರಕ್ಕೆ ಯೂನಿಟ್ ಇಲ್ಲ ಎಂದು ಗುರುತು ಹಾಕಿದ್ದಾರೆಯೇ? ಬರೀ ಅಡ್ಡಗೆರೆ ಎಳೆದವರು ಬೇಡ. ತಪ್ಪಾದ ಸಾಲಿನ ಪಕ್ಕದಲ್ಲೇ ಸರಿಯಾದದ್ದನ್ನು ಬರೆದವರು ಬೇಕು. ಹಾಳೆಯಲ್ಲಿ ನಾನೇ ಒಂದು ತಪ್ಪನ್ನು ಬೇಕೆಂದೇ ಸೇರಿಸಿಟ್ಟಿರುತ್ತೇನೆ. ಯಾವುದೆಂದು ಇಲ್ಲಿ ಹೇಳಲಾರೆ, ಬರೆದರೆ ಅದರ ಕೆಲಸ ಮುಗಿಯಿತು. ಹನ್ನೊಂದು ಜನರಲ್ಲಿ ಹಿಡಿದವರು ನಾಲ್ವರೇ.

ಆ ಒಂದು ಗಂಟೆಯಲ್ಲಿ ಪೆನ್ನು ಯಾರ ಕೈಯಲ್ಲಿತ್ತು ಎಂದು ಮಗುವನ್ನು ಕೇಳಿ. ಇಡೀ ಗಂಟೆ ಮೇಷ್ಟ್ರೇ ಬರೆದಿದ್ದರೆ ಬಿಡಿ.

ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಇನ್ನೊಂದು ಜರಡಿ ಬೇಕಾಯಿತು. ಅವಳಿಗೆ ವಿಭವಾಂತರ, ರೋಧ ಗೊತ್ತು, ವಿಭವಾಂತರವನ್ನೇ ಇಂಗ್ಲಿಷಿನಲ್ಲಿ ಪೊಟೆನ್ಷಿಯಲ್ ಡಿಫರೆನ್ಸ್ ಎಂದರೆ ತಡೆಯುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದ ಮೇಡಂ ಸಿಕ್ಕಿದ ಮೇಲೆ ಆರು ವಾರದಲ್ಲಿ ತಡೆ ಹೋಯಿತು. ಕೆಮಿಸ್ಟ್ರಿಗೆ ಮೇಷ್ಟ್ರಿಲ್ಲದೆ ನೋಡಿದೆವು, ಪಠ್ಯದ ನಡುವಿನ ಪ್ರಶ್ನೆಗಳನ್ನೇ ಎರಡು ಸಲ ಬರೆಸಿ. ಇನಾರ್ಗ್ಯಾನಿಕ್ ನಡೆಯಿತು. ಆರ್ಗ್ಯಾನಿಕ್ ಕೈಕೊಟ್ಟಿತು, ಅದಕ್ಕೆ ಹತ್ತು ತರಗತಿ ಹಾಕಿಸಿದೆವು.

ಖರ್ಚು: ಗಂಟೆಗೆ ₹450, ವಾರಕ್ಕೆ ಎರಡು ದಿನ ಒಂದೂವರೆ ಗಂಟೆ. ಜುಲೈನಿಂದ ಜನವರಿವರೆಗೆ 80 ಗಂಟೆ ಚಿಲ್ಲರೆ, ಒಂದು ವಿಷಯಕ್ಕೆ ₹36,000 ಹತ್ತಿರ. ಇಬ್ಬರು ಮಕ್ಕಳು ಸೇರಿದರೆ ಗಂಟೆಗೆ ₹600, ತಲೆಗೆ ₹300. ಮೂವರನ್ನು ಸೇರಿಸಿದ್ದು ಕೆಟ್ಟಿತು: ನಿಧಾನದವನು ಬಾಯಿ ಬಿಡುವುದನ್ನೇ ನಿಲ್ಲಿಸಿದ. ಮಿಡ್‌ಟರ್ಮಿನಲ್ಲಿ 80ಕ್ಕೆ 40ರ ಹತ್ತಿರ ಇದ್ದವನು, ಜೋಡಿಯಾಗಿ ಕಲಿತು ಪ್ರಿಪರೇಟರಿಯಲ್ಲಿ 66 ದಾಟಿದ.

ಏಪ್ರಿಲ್‌ನಲ್ಲಿ ಹುಡುಕಬೇಡಿ, ಆಗ ತಿದ್ದಿಸಲು ಮಗು ಬರೆದದ್ದೇ ಇರುವುದಿಲ್ಲ. ಜುಲೈ ಎರಡನೇ ವಾರ ಸರಿ. ಹಣವನ್ನು ಎಂಟೆಂಟು ತರಗತಿಗೆ ಲೆಕ್ಕ ಮಾಡಿ ಕೊಡಿ, ಪ್ರತಿ ಎಂಟನೆಯದು ಬರೀ ಬರೆದು ತಿದ್ದಿಸುವ ತರಗತಿ ಎಂದು ಮೊದಲ ದಿನವೇ ಮಾತಾಡಿಕೊಳ್ಳಿ.