ಮೂರನೇ ಪಂಪ್ ಬೇಡ ಅಂದೆ, ಎಣ್ಣೆ ಸೋಸಿದೆ: ಸರ್ಕಾರಿ ಯಾರ್ಡಿನ ಮೆಕ್ಯಾನಿಕ್ ಒಬ್ಬನ ಅನುಭವ

ನಮ್ಮ ಯಾರ್ಡಿನ 20 ಟನ್ನಿನ ಎಕ್ಸ್‌ಕವೇಟರ್ ಈಗ ಎರಡನೇ ಹೈಡ್ರಾಲಿಕ್ ಪಂಪಿನಲ್ಲೇ (ಗಾಡಿಯ ತೋಳು, ಚಕ್ರಪಟ್ಟಿಗಳನ್ನು ಆಡಿಸಲು ಎಣ್ಣೆ ದಬ್ಬುವ ಪಂಪ್) 2,600 ಗಂಟೆ ಓಡಿದೆ. ಆ ಪಂಪ್ 700 ಗಂಟೆಗೇ ಸತ್ತಿದೆ ಎಂದುಕೊಂಡು, ಮೂರನೆಯದು ತರಿಸಿ ಎಂದು ಫೈಲ್ ಎದ್ದಿತ್ತು. ಬೇಡ ಅಂದವನು ನಾನೊಬ್ಬನೇ. ಆಗ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಬೇರೆ ಯಾರ್ಡಿನವರು ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯಲು ಕೂತೆ. ಸರ್ವಿಸ್‌ನಲ್ಲಿರುವವರಿಗೆ ಕೇಸ್ ಡ್ರೇನ್ (ಪಂಪಿನೊಳಗೇ ಸೋರಿ ಟ್ಯಾಂಕಿಗೆ ವಾಪಸಾಗುವ ಎಣ್ಣೆ) ಅಂದರೇನು, ರಿಲೀಫ್ (ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್) ಹೊಂದಿಸುವುದು ಹೇಗೆ ಎಂದೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲನೇ ಪಂಪ್ ಹೋದದ್ದು ನಿಜವಾಗಿಯೇ ಹೋದದ್ದು. ಬಿಚ್ಚಿದಾಗ ಸ್ಲಿಪ್ಪರ್‌ಗಳ (ಪಿಸ್ಟನ್ನುಗಳ ತುದಿಯಲ್ಲಿ ಜಾರುವ ಪಾದಗಳು) ಹಿತ್ತಾಳೆ ಪುಡಿಪುಡಿಯಾಗಿತ್ತು. ಕಡಿಮೆ ದರ ಕೂಗಿದ ಹೊರಗಿನವರಿಗೆ ಕೆಲಸ ಹೋಯಿತು. ಬಂದರು, ಪಂಪ್ ಕೂರಿಸಿದರು, ಟ್ಯಾಂಕಿನ ಎಣ್ಣೆ ಇಳಿಸಿ ಹೊಸದು ತುಂಬಿದರು, ಬಿಲ್ ಕೊಟ್ಟು ಹೋದರು. ಎಣ್ಣೆ ತಣಿಸುವ ಕೂಲರ್ ತೆಗೆಯಲಿಲ್ಲ, ಲೈನ್ ತೊಳೆಯಲಿಲ್ಲ. ಟೆಂಡರ್ ಪತ್ರದಲ್ಲಿ ಅದು ಇರಲೂ ಇಲ್ಲ. ಆ ಒಂದು ಸಾಲು ಬರೆಸದೇ ಇದ್ದದ್ದು ನಮ್ಮ ಕಡೆಯ ತಪ್ಪು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

700 ಗಂಟೆ ಆಗುವಷ್ಟರಲ್ಲಿ ಹಳೇ ಕಾಯಿಲೆಯೇ ಮರುಕಳಿಸಿತು. ಬೆಳಿಗ್ಗೆ ತಣ್ಣಗಿದ್ದಾಗ ಗಾಡಿ ಸರಿ. ಎರಡು ಗಂಟೆ ಕೆಲಸವಾಗಿ ಎಣ್ಣೆ ಕಾದ ಮೇಲೆ ಬೂಮ್ (ದೊಡ್ಡ ತೋಳು) ಏಳುವುದು ನಿಧಾನ, ನೇರ ಓಡಿಸಿದರೆ ಒಂದು ಕಡೆಗೆ ಎಳೆತ. ಎಲ್ಲರ ಬಾಯಲ್ಲೂ ಒಂದೇ ಮಾತು, ಪಂಪ್. ಹೊಸ ಪಂಪಿಗೆ ಬೇಕಾಗಿದ್ದ ಹಣ ನಮ್ಮ ವರ್ಷದ ಬಿಡಿಭಾಗಗಳ ಅನುದಾನದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು. ಅದನ್ನು ಒಂದೇ ಗಾಡಿಗೆ ಸುರಿದರೆ ಗ್ರೇಡರ್ ಟೈರಿಲ್ಲದೆ ನಿಲ್ಲುತ್ತದೆ, ಲೋಡರ್ ಬ್ಯಾಟರಿಯಿಲ್ಲದೆ ನಿಲ್ಲುತ್ತದೆ. ಹಣ ಸಿಗದಿದ್ದರೆ ಕಂಡೆಮ್ ಪಟ್ಟಿಗೆ ಹಾಕಿಬಿಡೋಣ ಎಂಬ ಮಾತೂ ಬಂತು. 6,000 ಗಂಟೆಯನ್ನೂ ದಾಟದ ಗಾಡಿ ಅದು!

ನಾನು ಕೇಸ್ ಡ್ರೇನ್ ಅಳೆದೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ಲೈನ್ ಬಿಚ್ಚಿ ಬಕೆಟ್ಟಿಗೆ ಬಿಟ್ಟು, ಟ್ಯಾಂಕಿನ ಕಡೆಗೆ ಪ್ಲಗ್ ಹಾಕಿ, ಬೂಮ್ ಅನ್ನು ರಿಲೀಫಿಗೆ ತಂದು ನಿಲ್ಲಿಸಿ, ಸ್ಟಾಪ್‌ವಾಚ್ ಹಿಡಿದು. ಅದು ಜೋಡಿ ಪಂಪ್, ಒಂದು ಭಾಗಕ್ಕೆ ನಿಮಿಷಕ್ಕೆ ನಾಲ್ಕು ಲೀಟರ್, ಇನ್ನೊಂದಕ್ಕೆ ಐದರ ಸುಮಾರು. ಇಪ್ಪತ್ತು ದಾಟಿದ್ದರೆ ನಾನೂ ಪಂಪೇ ಅನ್ನುತ್ತಿದ್ದೆ. ಒತ್ತಡ 340 ಬಾರ್ ಮುಟ್ಟುತ್ತಿತ್ತು. ಒತ್ತಡ ಇದೆ, ಸೋರಿಕೆ ಇಲ್ಲ, ಹರಿವು ಮಾತ್ರ ಕಡಿಮೆ. ಅಂದರೆ ಪಂಪ್ ಕೆಟ್ಟಿಲ್ಲ, ಎಷ್ಟು ಎಣ್ಣೆ ದಬ್ಬಬೇಕೆಂದು ನಿರ್ಧರಿಸುವ ಅದರೊಳಗಿನ ಓರೆ ತಟ್ಟೆ ಪೂರ್ತಿ ವಾಲಲು ಯಾವುದೋ ಬಿಡುತ್ತಿಲ್ಲ.

ಆ ತಟ್ಟೆಯನ್ನು ವಾಲಿಸುವ ರೆಗ್ಯುಲೇಟರ್ ಬಿಚ್ಚಿದೆ. ಒಳಗಿನ ಸ್ಪೂಲ್ (ಎಣ್ಣೆಯ ದಾರಿ ತೆರೆದು ಮುಚ್ಚುವ ಜಾರುಕಡ್ಡಿ) ಕಿರುಬೆರಳಿಗಿಂತ ಸಣ್ಣದು. ತೊಳೆದ ಸ್ಪೂಲನ್ನು ನಿಲ್ಲಿಸಿ ಹಿಡಿದ ರಂಧ್ರದಲ್ಲಿ ಬಿಟ್ಟರೆ ತನ್ನ ತೂಕಕ್ಕೇ ಸರಕ್ಕನೆ ಇಳಿಯಬೇಕು. ಇದು ಅರ್ಧಕ್ಕೆ ಇಳಿದು ನಿಂತಿತು. ಬೆಳಕಿಗೆ ಹಿಡಿದರೆ ಮೈಮೇಲೆ ಉದ್ದಕ್ಕೆ ಕೂದಲೆಳೆಯಂಥ ಗೀರು. ನಯವಾಗಿ ಉಜ್ಜಿ, ತೊಳೆದು, ಮತ್ತೆ ಕೂರಿಸಿದೆ. ಗಾಡಿ ಹೊಸದರಂತೆ ಓಡಿತು, ಹದಿನೈದು ದಿನ. ಆಮೇಲೆ ಮತ್ತೆ ಅದೇ ರಾಗ. ಹೇಳಿದ್ದೆವಲ್ಲ ಎಂದು ನಕ್ಕರು. ನನಗೆ ಮಾತ್ರ ಆ ಹದಿನೈದು ದಿನವೇ ಸಾಕ್ಷಿ. ಪಂಪ್ ಸತ್ತಿದ್ದರೆ ಒಂದು ದಿನವೂ ಹಾಗೆ ಓಡುತ್ತಿರಲಿಲ್ಲ. ಕಸ ಎಣ್ಣೆಯಲ್ಲೇ ಇತ್ತು, ಮತ್ತೆ ಬಂದು ಕೂತಿತ್ತು.

ಎಣ್ಣೆ ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಐಎಸ್ಒ 4406 ಲೆಕ್ಕದಲ್ಲಿ (ಎಣ್ಣೆಯಲ್ಲಿ ಮೂರು ಗಾತ್ರದ ಕಸದ ಕಣಗಳು ಎಷ್ಟಿವೆ ಎಂದು ಹೇಳುವ ಮೂರು ಅಂಕಿ) 23/21/18 ಎಂದು ವರದಿ. ಪಿಸ್ಟನ್ ಪಂಪಿಗೆ ನಾನು ಒಪ್ಪುವುದು 18/16/13. ಒಂದೊಂದು ಅಂಕಿ ಏರಿದಂತೆ ಕಸ ದುಪ್ಪಟ್ಟು ಎಂಬುದು ನೆನಪಿರಲಿ. ಐದು ಅಂಕಿ ಅಂದರೆ ಮೂವತ್ತೆರಡು ಪಟ್ಟು. ಕಣ್ಣಿಗೆ ಮಾತ್ರ ಆ ಎಣ್ಣೆ ಜೇನಿನಂತೆ ತಿಳಿಯಾಗಿತ್ತು.

ಎಣ್ಣೆ ಪೂರ್ತಿ ಬದಲಾಯಿಸಲು 220 ಲೀಟರ್ ಬೇಕು, ಅಷ್ಟಕ್ಕೆ ಆ ತಿಂಗಳು ಮಂಜೂರಾತಿ ಇರಲಿಲ್ಲ. ಇದ್ದದ್ದನ್ನೇ ಸೋಸುತ್ತೇನೆ ಅಂದೆ. ಸ್ಕ್ರ್ಯಾಪಿನಲ್ಲಿದ್ದ ಟಿಪ್ಪರಿನ ಗೇರ್ ಪಂಪ್, ಕಾಂಕ್ರೀಟ್ ಮಿಕ್ಸರಿನ 1,440 ಆರ್‌ಪಿಎಂ ಮೋಟಾರ್, ಎರಡು ಫಿಲ್ಟರ್ ಹೆಡ್, ಕೆಳಗೆ ಮುರಿದ ಟ್ರಾಲಿಯ ಚಕ್ರ, ಇಷ್ಟನ್ನು ಸೇರಿಸಿ ಸೋಸುವ ಗಾಡಿ ಕಟ್ಟಿದೆ. ಹಣ ಕೊಟ್ಟು ತಂದದ್ದು ಫಿಲ್ಟರ್, ಹೋಸ್, ಒಂದು ಗೇಜ್ ಮಾತ್ರ. ಎಲ್ಲ ಸೇರಿ ಹೊಸ ಪಂಪಿನ ಬೆಲೆಯಲ್ಲಿ ಇಪ್ಪತ್ತೈದನೇ ಒಂದು ಪಾಲೂ ಆಗಲಿಲ್ಲ.

ಮೂರು ರಾತ್ರಿ ಓಡಿಸಿದೆ. ಲ್ಯಾಬ್ ವರದಿ ಬಂತು, 23/21/18. ಒಂದು ಅಂಕಿಯೂ ಕದಲಲಿಲ್ಲ. ಆ ಸಂಜೆ ಮನೆಗೆ ಹೋಗಿ ಯಾರೊಂದಿಗೂ ಮಾತಾಡಲಿಲ್ಲ. ಬೆಳಿಗ್ಗೆ ಗೇಜ್ ನೋಡುತ್ತಾ ನಿಂತಾಗ ಹೊಳೆಯಿತು. ಟಿಪ್ಪರ್ ಪಂಪ್ ನಿಮಿಷಕ್ಕೆ ನೂರು ಲೀಟರ್ ದಬ್ಬುತ್ತಿದೆ, ತಣ್ಣನೆ ಎಣ್ಣೆ, ಫಿಲ್ಟರಿನ ಬೈಪಾಸ್ (ಒತ್ತಡ ಹೆಚ್ಚಾದರೆ ತೆರೆಯುವ ಅಡ್ಡದಾರಿ) ತೆರೆದುಕೊಂಡು ಅಷ್ಟೂ ಎಣ್ಣೆ ಸೋಸದೆಯೇ ಟ್ಯಾಂಕಿಗೆ ವಾಪಸ್. ಗುಜರಿಯಾದ ಲೋಡರಿನ ಚಿಕ್ಕ ಸ್ಟೀರಿಂಗ್ ಪಂಪ್ ಹಾಕಿದೆ. ನಿಮಿಷಕ್ಕೆ 16 ಲೀಟರ್. ಗಾಡಿಯನ್ನು ಅರ್ಧ ಗಂಟೆ ಓಡಿಸಿ ಎಣ್ಣೆ 45 ಡಿಗ್ರಿಗೆ ಬಂದ ಮೇಲೆಯೇ ಸೋಸಲು ಶುರು.

ಅದಾದ ಮೇಲೆ ಹೀರುವ ಹೋಸ್ ಕೈಕೊಟ್ಟಿತು. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕಿದ್ದೆ, ಎಣ್ಣೆ ಹೋಗುವುದು ಕಾಣಲಿ ಎಂದು. ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಯಿತು, ಜಾಯಿಂಟಿನಲ್ಲಿ ಗಾಳಿ ಎಳೆದು ಟ್ಯಾಂಕ್ ತುಂಬ ನೊರೆ. ಒಳಗೆ ತಂತಿ ಸುರುಳಿ ಇರುವ ಹೋಸೇ ಬೇಕು. ಇನ್ನೊಂದು ರಾತ್ರಿ ಕ್ಲಾಂಪ್ ಬಿಟ್ಟು ಹೋಗಿ ನಲವತ್ತು ಲೀಟರ್ ಶೆಡ್ಡಿನ ನೆಲದಲ್ಲಿ. ಅದಕ್ಕೆ ನೋಟಿಸ್ ಬಂತು, ಉತ್ತರ ಬರೆದೆ, ನಲವತ್ತು ಲೀಟರಿನ ಲೆಕ್ಕವನ್ನೂ ಲಾಗ್‌ಬುಕ್‌ನಲ್ಲಿ ಬರೆದೆ. ಅವತ್ತಿನಿಂದ ಸೋಸುವ ಗಾಡಿಯ ಕೆಳಗೆ ತಟ್ಟೆ, ಎಣ್ಣೆ ಬಿದ್ದರೆ ಮೋಟಾರ್ ನಿಲ್ಲಿಸುವ ಫ್ಲೋಟ್ ಸ್ವಿಚ್. ಇದಿಲ್ಲದೆ ಯಾರೂ ರಾತ್ರಿ ಬಿಟ್ಟು ಹೋಗಬೇಡಿ.

ಆಮೇಲೆ ಎಣ್ಣೆ ಸುಧಾರಿಸಿತು, 20/18/15ಕ್ಕೆ ಇಳಿಯಿತು, ಅಲ್ಲೇ ನಿಂತಿತು. ಟ್ಯಾಂಕಿನಲ್ಲಿರುವುದು ಅರ್ಧ ಎಣ್ಣೆ, ಉಳಿದದ್ದು ಸಿಲಿಂಡರ್, ಲೈನ್, ಕೂಲರಿನಲ್ಲಿ. ಹಾಗಾಗಿ ಬೆಳಿಗ್ಗೆ ಗಾಡಿ ಚಾಲೂ ಮಾಡಿ, ಸೋಸುವ ಪಂಪ್ ಓಡುತ್ತಿರುವಾಗಲೇ ಪ್ರತಿ ಸಿಲಿಂಡರನ್ನೂ ಕೊನೆಯಿಂದ ಕೊನೆಗೆ ಹತ್ತು ಹತ್ತು ಸಲ ಆಡಿಸಿದೆವು. ಆದರೂ ಫಿಲ್ಟರ್ ಕತ್ತರಿಸಿ ನೋಡಿದರೆ ಮಡಿಕೆಗಳ ನಡುವೆ ಹಳದಿ ಹೊಳಪು ನಿಲ್ಲಲೇ ಇಲ್ಲ. ಮೊದಲನೇ ಪಂಪಿನ ಹಿತ್ತಾಳೆ ಅದು. ಕೂಲರ್ ಇಳಿಸಿ ಹಿಂದುಮುಂದಾಗಿ ತೊಳೆದೆ. ಬಿಳಿ ಬಟ್ಟೆಯ ಮೇಲೆ ಬಂದು ಬಿದ್ದ ಚೂರುಗಳು ಒಂದು ಟೀ ಚಮಚ ತುಂಬುವಷ್ಟಿದ್ದವು. ಅದನ್ನು ಸೀಸೆಯಲ್ಲಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಮೂರನೇ ಪಂಪಿನ ಫೈಲ್ ನಿಂತದ್ದು ಆ ಸೀಸೆಯಿಂದ, ನನ್ನ ಮಾತಿನಿಂದಲ್ಲ. ಬರೀ ಹಿಂದುಮುಂದೆ ತೊಳೆದರೆ ಕೂಲರ್ ಎಲ್ಲವನ್ನೂ ಬಿಡುವುದಿಲ್ಲ. ನಾನು ಜೊತೆಗೆ ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ತಿಳಿದು ಮಾಡಿದರೆ ಕೂಲರ್ ಒಡೆಯುತ್ತದೆ. ಶೆಡ್ಡಿಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ.

ಹೊಸ ಕಸ ಬರುವ ದಾರಿ ಎರಡಿದ್ದವು. ಟ್ಯಾಂಕಿಗೆ ಗಾಳಿ ಹೋಗಿ ಬರುವ ಬ್ರೀದರ್ ಒಳಗೆ ಗಾಳಿ ಸೋಸುವ ಎಲಿಮೆಂಟೇ ಇರಲಿಲ್ಲ. ಬೂಮ್ ಸಿಲಿಂಡರಿನ ರಾಡ್ ಒರೆಸುವ ವೈಪರ್ ಸೀಲ್ ಹರಿದಿತ್ತು, ರಾಡ್ ಒಳಗೆ ಹೋಗುವಾಗಲೆಲ್ಲ ಮಣ್ಣನ್ನು ಕರೆದುಕೊಂಡು ಹೋಗುತ್ತಿತ್ತು. ಎರಡೂ ಹಾಕಿದ ಮೇಲೆ 3 ಮೈಕ್ರಾನ್ ಫಿಲ್ಟರಿನಲ್ಲಿ ಹತ್ತು ದಿನ ಸೋಸಿದೆ. 17/15/12 ಬಂತು. ಸ್ಪೂಲನ್ನು ಕೊನೆಯ ಸಲ ತೊಳೆದು ಕೂರಿಸಿದ್ದು ಅವತ್ತು. ಮತ್ತೆ ಬಿಚ್ಚಿಲ್ಲ.

ಈ ನಡುವೆ ಸುಮ್ಮನಿರಲಾರದೆ ಹೊಸ ಎಣ್ಣೆಯನ್ನೂ ಪರೀಕ್ಷೆಗೆ ಕಳಿಸಿದೆ. ಸೀಲ್ ಒಡೆಯದ ಡ್ರಮ್, 21/19/16! ಹೊಸ ಎಣ್ಣೆ ಶುದ್ಧ ಎಂದು ಇಪ್ಪತ್ತು ವರ್ಷ ನಂಬಿ ನೇರ ಟ್ಯಾಂಕಿಗೆ ಸುರಿದವರು ನಾವು. ಈಗ ಹೊಸದೂ ನನ್ನ ಸೋಸುವ ಗಾಡಿಯ ಮೂಲಕವೇ ಹೋಗಬೇಕು. ಬಿಸಿಲು ಮಳೆಗೆ ನಿಲ್ಲಿಸಿಟ್ಟ ಡ್ರಮ್ ಹಗಲು ಉಬ್ಬಿ ರಾತ್ರಿ ಕುಗ್ಗುವಾಗ ಮುಚ್ಚಳದ ಮೇಲೆ ನಿಂತ ನೀರನ್ನು ಒಳಗೆ ಎಳೆಯುತ್ತದೆ. ಮಲಗಿಸಿ, ಎರಡೂ ಬಿರಡೆ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಇಡಿ. ನೀರಿನ ಅನುಮಾನ ಬಂದರೆ 150 ಡಿಗ್ರಿ ದಾಟಿ ಕಾದ ತಗಡಿನ ಮೇಲೆ ಒಂದು ಹನಿ ಬಿಡಿ, ಕನ್ನಡಕ ಹಾಕಿಕೊಂಡು. ಚಟಪಟ ಅಂದರೆ ನೀರಿದೆ. ಹತ್ತಿ ಬಟ್ಟೆಯ ಚೀಲದಲ್ಲಿ ಸೋಸಿಯೂ ನೋಡಿದೆ, ಅಗ್ಗವಾಗುತ್ತದೇನೋ ಎಂದು. ಬಟ್ಟೆಯ ನಾರೇ ಎಣ್ಣೆಗೆ ಸೇರಿತು. ಆ ದಾರಿ ಹಿಡಿಯಬೇಡಿ.

ಆಡಿಟ್‌ನವರು ಬಂದಾಗ ಒಂದೇ ಗಾಡಿಗೆ ಇಷ್ಟು ಫಿಲ್ಟರ್ ಯಾಕೆ ಎಂದು ಕೇಳಿದರು. ಲ್ಯಾಬ್ ವರದಿಗಳನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ, ಪಂಪಿನ ಎಸ್ಟಿಮೇಟನ್ನು ಪಕ್ಕದಲ್ಲಿಟ್ಟೆ. ಆಕ್ಷೇಪಣೆ ಅಲ್ಲೇ ಕೈಬಿಟ್ಟರು. ಕತ್ತರಿಸಿದ ಪ್ರತಿ ಫಿಲ್ಟರಿನ ಮೇಲೂ ಗಂಟೆ ಬರೆದು ಕಟ್ಟಿಟ್ಟಿದ್ದೇನೆ, ಇವತ್ತಿಗೂ ರ್‍ಯಾಕಿನಲ್ಲಿವೆ. ಹೋದ ವಾರ ಸೋಸುವ ಗಾಡಿಯನ್ನು ಗ್ರೇಡರ್ ಪಕ್ಕಕ್ಕೆ ತಳ್ಳಿಕೊಂಡು ಹೋದೆವು. ಅದರ ಮೊದಲ ಸ್ಯಾಂಪಲ್ 22/20/17, ಫಿಲ್ಟರಿನಲ್ಲಿ ಹಿತ್ತಾಳೆ ಇಲ್ಲ, ಬರೀ ಮಣ್ಣು. ನಾಳೆ ಬ್ರೀದರ್ ಬಿಚ್ಚಬೇಕು.